ತಾಯಿ-ಮಗುವನ್ನು ಅಗಲಿಸದ ವಾರ್ಡು

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಹೆಸರೆತ್ತಿದರೆ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಮಾತು ತಗ್ಗುತ್ತದೆ. ಯಾರದೋ ಮಗಳನ್ನೋ ಸೊಸೆಯನ್ನೋ ಅಲ್ಲಿಗೆ ಸೇರಿಸಿದ್ದಾರಂತೆ ಎಂಬ ಸುದ್ದಿ ಪಿಸುಮಾತಿನಲ್ಲೇ ಸಾಗುತ್ತದೆ. ಆದರೆ ಅದೇ ಆಸ್ಪತ್ರೆಯಲ್ಲಿ ಹಸುಗೂಸುಗಳ ಅಳು ಕೇಳಿಬರುವ ವಾರ್ಡೊಂದಿದೆ, ಅಲ್ಲಿ ಬಾಣಂತಿಯ ಜೊತೆಗೆ ಅವಳ ಕೂಸಿಗೂ ಕೂಸಿನ ಅಜ್ಜಿಗೂ ಜಾಗವಿದೆ ಎಂಬುದು ಬಹಳ ಮಂದಿಗೆ ತಿಳಿಯದು.

2009ರ ಜುಲೈ ತಿಂಗಳಲ್ಲಿ ನಿಮ್ಹಾನ್ಸ್‌ನಲ್ಲಿ ಆರಂಭಗೊಂಡ ತಾಯಿ-ಮಗು ಘಟಕ ಭಾರತದಲ್ಲೇ ಇಂಥ ಮೊದಲ ವಿಶೇಷ ಒಳರೋಗಿ ಘಟಕ. ಹೆರಿಗೆಯ ನಂತರ ತೀವ್ರ ಮನೋರೋಗಕ್ಕೆ ತುತ್ತಾದ ತಾಯಂದಿರನ್ನು ಮಗುವಿನಿಂದ ಬೇರ್ಪಡಿಸದೆ ಚಿಕಿತ್ಸೆ ನೀಡುವುದೇ ಇದರ ಉದ್ದೇಶ. ಮನೋವೈದ್ಯೆ ಡಾ. ಪ್ರಭಾ ಚಂದ್ರ ಅವರ ನೇತೃತ್ವದಲ್ಲಿ ಕೇವಲ 5 ಹಾಸಿಗೆಗಳೊಂದಿಗೆ ಶುರುವಾದ ಈ ಘಟಕದಲ್ಲಿ 2013ರ ಸೆಪ್ಟೆಂಬರ್ ವರೆಗೆ 237 ತಾಯಿ-ಮಗು ಜೋಡಿಗಳು ದಾಖಲಾಗಿ ಚಿಕಿತ್ಸೆ ಪಡೆದಿವೆ ಎಂದು ಅಲ್ಲಿನ ವೈದ್ಯರು 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಿಳಿಸಿದ್ದಾರೆ. ಇವರಲ್ಲಿ ಬಹುಪಾಲು ತಾಯಂದಿರದು ತೀವ್ರ ಸ್ವರೂಪದ ಕಾಯಿಲೆ. ಕೆಲವು ತಾಯಂದಿರಿಗೆ ಸಾಯಬೇಕೆಂಬ ಆಲೋಚನೆ ಬಂದಿತ್ತು. ಐದು ಹಾಸಿಗೆ ಎಂಬುದು ಸಣ್ಣ ಲೆಕ್ಕವೆನಿಸಬಹುದು. ಆದರೆ ಒಂದೊಂದು ಹಾಸಿಗೆಯ ಹಿಂದೆ ಎರಡೆರಡು ಜೀವಗಳ ಪ್ರಶ್ನೆಯಿದೆ.

ಬಾಣಂತಿ ಸನ್ನಿ ಎಂದರೇನು?

ಕನ್ನಡದಲ್ಲಿ ಈ ಕಾಯಿಲೆಗೆ ಹಳೆಯ ಹೆಸರೇ ಇದೆ: ಬಾಣಂತಿ ಸನ್ನಿ. ವೈದ್ಯಕೀಯ ಪುಸ್ತಕ ಓದದ ಹಳ್ಳಿಯ ಸೂಲಗಿತ್ತಿಗೂ ಇದು ಗೊತ್ತಿತ್ತು. ಹೆಸರು ಇತ್ತು, ಮದ್ದು ಇರಲಿಲ್ಲ. ಹೀಗಾಗಿ ಗಾಳಿ ಸೋಕಿದೆ, ದೃಷ್ಟಿ ತಾಗಿದೆ, ದೈವದ ಮುನಿಸು ಎಂದು ತಾಯತ ಕಟ್ಟಿಸುವುದು, ಪ್ರಶ್ನೆ ಇಡಿಸುವುದು ನಡೆಯುತ್ತಿತ್ತು. ಈಗಲೂ ಅಲ್ಲಲ್ಲಿ ನಡೆಯುತ್ತದೆ. ಮನೆದೇವರಿಗೆ ಹರಕೆ ಹೊರುವುದಕ್ಕೆ ಯಾವ ವೈದ್ಯರ ಆಕ್ಷೇಪವೂ ಇಲ್ಲ. ಆದರೆ ಹರಕೆ ಸಲ್ಲುವವರೆಗೆ ಚಿಕಿತ್ಸೆ ಕಾಯಬಾರದು.

ಹೆರಿಗೆಯ ನಂತರದ ಮನೋವೇದನೆಯಲ್ಲಿ ಮೂರು ಹಂತಗಳಿವೆ ಎಂಬುದನ್ನು ಪ್ರತಿ ಮನೆಯೂ ತಿಳಿದಿರಬೇಕು. ಮೊದಲನೆಯದು, ಹೆರಿಗೆಯಾದ ಮೂರು-ನಾಲ್ಕು ದಿನಕ್ಕೆ ಕಾಣುವ ಅಳು, ಸಿಡುಕು, ಕಳವಳ. ಇದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಾಣಿಸಿಕೊಂಡು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ನಿದ್ರೆ, ಆರೈಕೆ ಮತ್ತು ಎರಡು ಒಳ್ಳೆಯ ಮಾತು ಸಾಕು.

ಎರಡನೆಯದು ಖಿನ್ನತೆ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮಗುವನ್ನು ಎತ್ತಿಕೊಂಡರೂ ಮಮತೆ ಉಕ್ಕದಿರುವುದು, ತಾನು ಒಳ್ಳೆಯ ತಾಯಿಯಲ್ಲ ಎಂದು ಕೊರಗುವುದು ಇದರ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ, ಶೇ. 22ರಷ್ಟು ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಇದೆ ಎಂದು ಅಂದಾಜು ಮಾಡಿತು. ಅಂದರೆ ಐವರಲ್ಲಿ ಒಬ್ಬರು. ಸಂಘದ ಹಳದಿ-ಕುಂಕುಮಕ್ಕೆ ಬರುವ ಎಳೆಯ ತಾಯಂದಿರನ್ನು ಸುಮ್ಮನೆ ಎಣಿಸಿ ನೋಡಿದರೆ ಈ ಅಂಕಿಯ ಭಾರ ಅರಿವಾದೀತು.

ಮೂರನೆಯದೇ ಬಾಣಂತಿ ಸನ್ನಿ. ಸಾವಿರ ಹೆರಿಗೆಗಳಲ್ಲಿ ಒಬ್ಬರು ಅಥವಾ ಇಬ್ಬರಿಗೆ ಬರುವ ಈ ಕಾಯಿಲೆ ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ, ಕೆಲವೊಮ್ಮೆ ಹೆರಿಗೆಯಾದ ಎರಡು-ಮೂರು ದಿನಕ್ಕೇ ಹಠಾತ್ತನೆ ಕಾಣಿಸಿಕೊಳ್ಳುತ್ತದೆ. ಮಗು ಮಲಗಿದರೂ ತಾಯಿಗೆ ನಿದ್ದೆಯಿಲ್ಲ. ಒಂದು ಗಳಿಗೆ ನಗು, ಮರುಗಳಿಗೆ ಅಳು. ಯಾರೋ ಮಾತಾಡಿದಂತೆ ಕೇಳಿಸುತ್ತದೆ. ಇದು ನನ್ನ ಮಗುವಲ್ಲ, ಆಸ್ಪತ್ರೆಯಲ್ಲಿ ಬದಲಾಯಿಸಿದ್ದಾರೆ ಎನ್ನಬಹುದು. ಇದು ದೇವರ ಅವತಾರ ಎನ್ನಬಹುದು. ಅನ್ನಕ್ಕೆ ವಿಷ ಬೆರೆಸಿದ್ದಾರೆ ಎಂದು ಸ್ವಂತ ಅಮ್ಮನನ್ನೇ ಶಂಕಿಸಬಹುದು. ಬೆಳಿಗ್ಗೆ ಸರಿಯಾಗಿದ್ದವಳು ಸಂಜೆಗೆ ಗುರುತು ಸಿಗದಂತಾಗುವುದೇ ಈ ಕಾಯಿಲೆಯ ಅಪಾಯ. ಇದು ತುರ್ತು ಚಿಕಿತ್ಸೆಯ ಕಾಯಿಲೆ. ನಾಳೆ ನೋಡೋಣ ಎನ್ನುವಂತಿಲ್ಲ.

ಇದರ ಜೊತೆಗೆ ಇನ್ನೊಂದು ಸ್ಥಿತಿಯನ್ನು ಬೇರೆಯಾಗಿ ಗುರುತಿಸಬೇಕು. ಮಗುವನ್ನು ಕೈಬಿಟ್ಟುಬಿಟ್ಟರೆ, ಚಾಕು ತಾಗಿಬಿಟ್ಟರೆ ಎಂಬ ಬೇಡದ ಆಲೋಚನೆಗಳು ಕೆಲವು ತಾಯಂದಿರಿಗೆ ಮತ್ತೆ ಮತ್ತೆ ಬಂದು ಪೀಡಿಸುತ್ತವೆ. ಅವರಿಗೆ ಆ ಆಲೋಚನೆಯೇ ಅಸಹ್ಯ. ಅದಕ್ಕೆ ಹೆದರಿ ಮಗುವನ್ನು ಮುಟ್ಟುವುದನ್ನೇ ಬಿಡುತ್ತಾರೆ. ಇದು ಸನ್ನಿಯಲ್ಲ, ಗೀಳು ರೋಗ. ಹೇಳಿಕೊಂಡರೆ ಮಗುವನ್ನು ಕಸಿದುಕೊಳ್ಳುತ್ತಾರೆ ಎಂಬ ಭಯದಿಂದ ಅವರು ಬಾಯಿಬಿಡುವುದಿಲ್ಲ. ಯಾವುದು ಏನು ಎಂದು ಬೇರ್ಪಡಿಸಿ ಹೇಳಬೇಕಾದವರು ಮನೋವೈದ್ಯರು, ಮನೆಯವರಲ್ಲ.

ಅಗಲಿಸುವುದು ಉಪಕಾರವಲ್ಲ

ತಾಯಿಗೆ ಹೀಗಾದಾಗ ಮನೆಯವರು ಮೊದಲು ಮಾಡುವ ಕೆಲಸ ಮಗುವನ್ನು ಎತ್ತಿಕೊಂಡು ಹೋಗುವುದು. ಉದ್ದೇಶ ಒಳ್ಳೆಯದೇ, ಅಪಾಯದ ಗಳಿಗೆಯಲ್ಲಿ ಅದು ಅಗತ್ಯವೂ ಹೌದು. ತೊಂದರೆ ಆರಂಭವಾಗುವುದು ಆ ಗಳಿಗೆ ದಾಟಿದ ಮೇಲೆ. ಕೂಸು ಒಂದು ಕಡೆ, ತಾಯಿ ಇನ್ನೊಂದು ಕಡೆ ವಾರಗಟ್ಟಲೆ ಉಳಿದರೆ ಎದೆಹಾಲು ಬತ್ತುತ್ತದೆ. ಗುಣವಾಗಿ ಬಂದ ತಾಯಿಗೆ ತನ್ನ ಮಗುವೇ ಅಪರಿಚಿತ. ಮಗುವಿಗೂ ಅವಳು ಅಪರಿಚಿತಳು. ಅದನ್ನು ಕಂಡು ಮನೆಯವರು, ಇವಳಿಗೆ ಮಗುವಿನ ಮೇಲೆ ಪ್ರೀತಿಯೇ ಇಲ್ಲ ಎಂದು ತೀರ್ಮಾನಿಸುತ್ತಾರೆ. ಕಾಯಿಲೆ ವಾಸಿಯಾದರೂ ತಪ್ಪಿತಸ್ಥಳೆಂಬ ಹಣೆಪಟ್ಟಿ ಉಳಿಯುತ್ತದೆ.

ಮಗುವಿನ ಮೇಲಾಗುವ ಪರಿಣಾಮವೂ ಕಡಿಮೆಯಲ್ಲ. ಗೋವಾದಲ್ಲಿ ಡಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾದ 6-8 ವಾರಗಳಲ್ಲಿ ಶೇ. 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡುಬಂತು. ಬಡತನ, ಗಂಡನೊಂದಿಗಿನ ವಿರಸ, ಗಂಡನ ಹೊಡೆತ ಇವುಗಳ ಜೊತೆಗೆ ಗಂಡು ಮಗುವನ್ನು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟಿದ್ದೂ ಕಾರಣಗಳ ಪಟ್ಟಿಯಲ್ಲಿತ್ತು. ಇದೇ ತಂಡ ಮಕ್ಕಳನ್ನು ಆರು ತಿಂಗಳವರೆಗೆ ಗಮನಿಸಿದಾಗ, ಖಿನ್ನತೆಯಿದ್ದ ತಾಯಂದಿರ ಮಕ್ಕಳಲ್ಲಿ ತೂಕ ಕಡಿಮೆಯಾಗುವ ಸಂಭವ ಹೆಚ್ಚು ಎಂದು ತಿಳಿದುಬಂತು. ತಾಯಿಯ ಮನಸ್ಸು ಸೋತರೆ ಅದು ಮಗುವಿನ ತೂಕದ ಚೀಟಿಯಲ್ಲೂ ಕಾಣುತ್ತದೆ. ತಾಯಿಗೊಂದು, ಮಗುವಿಗೊಂದು ಎಂದು ಆರೈಕೆಯನ್ನು ವಿಂಗಡಿಸಲು ಬರುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಲಂಡನ್ನಿನಿಂದ ಹೊಸೂರು ರಸ್ತೆಗೆ

ತಾಯಿಯನ್ನು ಮಗುವಿನೊಂದಿಗೆ ಮನೋರೋಗ ಆಸ್ಪತ್ರೆಗೆ ಸೇರಿಸಿಕೊಳ್ಳುವ ಪದ್ಧತಿ ರೂಪುಗೊಂಡದ್ದು ಇಂಗ್ಲೆಂಡಿನಲ್ಲಿ. 1948ರಲ್ಲಿ ಲಂಡನ್ನಿನ ಕ್ಯಾಸಲ್ ಆಸ್ಪತ್ರೆಯ ಡಾ. ಥಾಮಸ್ ಮೇಯ್ನ್ ಅವರು ತಾಯಿಯೊಬ್ಬಳನ್ನು ಮಗುವಿನ ಸಮೇತ ಒಳರೋಗಿಯಾಗಿ ಸೇರಿಸಿಕೊಂಡರು. ಮುಂದೆ ಇದು ಅಲ್ಲಿನ ಸರಕಾರಿ ಆರೋಗ್ಯ ಸೇವೆಯ ಭಾಗವಾಯಿತು. ಫ್ರಾನ್ಸ್, ಆಸ್ಟ್ರೇಲಿಯಾಗಳಿಗೂ ಹಬ್ಬಿತು. ಬ್ರಿಟನ್ನಿನ ಘಟಕಗಳಲ್ಲಿ ಮಗುವಿನ ಆರೈಕೆಗೆಂದೇ ತರಬೇತಾದ ಸಿಬ್ಬಂದಿ ಇರುತ್ತಾರೆ. ತಾಯಿ ನಿದ್ರಿಸುವಾಗ ಮಗುವನ್ನು ನೋಡಿಕೊಳ್ಳುವವರು ಅವರೇ.

ಭಾರತದ ಸರಕಾರಿ ಆಸ್ಪತ್ರೆಯಲ್ಲಿ ಅಷ್ಟು ಸಿಬ್ಬಂದಿಯನ್ನು ಎಲ್ಲಿಂದ ತರುವುದು? ಇದಕ್ಕೆ ಉತ್ತರ ಬಾಣಂತನದ ಪದ್ಧತಿಯಲ್ಲೇ ಇತ್ತು. ನಿಮ್ಹಾನ್ಸ್ ಘಟಕದಲ್ಲಿ ತಾಯಿ-ಮಗುವಿನ ಜೊತೆ ಮನೆಯ ಹೆಂಗಸೊಬ್ಬರು ಉಳಿದುಕೊಳ್ಳುತ್ತಾರೆ. ಹೆಚ್ಚಾಗಿ ಅದು ಹುಡುಗಿಯ ತಾಯಿ, ಅಂದರೆ ಮಗುವಿನ ಅಜ್ಜಿ. ತವರಿನಲ್ಲಿ ಬಾಣಂತನ ಮಾಡುವ ಅಮ್ಮ ಅದೇ ಕೆಲಸವನ್ನು ಇಲ್ಲಿ ನರ್ಸುಗಳ ಕಣ್ಣಳತೆಯಲ್ಲಿ ಮಾಡುತ್ತಾರೆ.

ಮನೆಯವರನ್ನು ಆಸ್ಪತ್ರೆಯೊಳಗೆ ಸೇರಿಸಿಕೊಳ್ಳುವುದು ಭಾರತದ ಮನೋವೈದ್ಯಕ್ಕೆ ಹೊಸತಲ್ಲ ಎಂಬುದು ಇಲ್ಲಿ ಸ್ಮರಣೀಯ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಬಂಧುಗಳನ್ನು ಉಳಿಸಿಕೊಂಡಿದ್ದರು. ಬಂಧುಗಳ ಎದುರಿಗೇ ರೋಗಿ ಗುಣವಾದಾಗ ಮನೆಗೆ ಮರಳುವ ದಾರಿ ಸುಲಭವಾಯಿತು. ಅದೇ ವಿಚಾರ ತಾಯಿ-ಮಗು ವಾರ್ಡಿನಲ್ಲಿ ಮುಂದುವರಿದಿದೆ.

ವಾರ್ಡಿನೊಳಗೆ ಏನು ನಡೆಯುತ್ತದೆ?

ಇಂಥ ಘಟಕದಲ್ಲಿ ಮೊದಲ ಕೆಲಸ ಇಬ್ಬರ ಸುರಕ್ಷತೆ ಮತ್ತು ತಾಯಿಯ ನಿದ್ರೆ. ಕಾಯಿಲೆ ತೀವ್ರವಾಗಿರುವ ದಿನಗಳಲ್ಲಿ ಮಗುವನ್ನು ತಾಯಿಯೊಬ್ಬಳ ಬಳಿ ಬಿಡುವುದಿಲ್ಲ. ಅಜ್ಜಿ ಎತ್ತಿಕೊಂಡಿರುತ್ತಾರೆ, ತಾಯಿಯ ಕಣ್ಣಿಗೆ ಕಾಣುವಂತೆ. ಔಷಧ ಹಿಡಿದು ಮನಸ್ಸು ಹತೋಟಿಗೆ ಬರುತ್ತಿದ್ದಂತೆ ಪಕ್ಕದಲ್ಲಿ ಒಬ್ಬರಿದ್ದು ಮಗುವನ್ನು ಮಡಿಲಿಗೆ ಕೊಡುತ್ತಾರೆ. ಹಾಲೂಡಿಸುವುದು, ಎಣ್ಣೆ ಹಚ್ಚುವುದು, ನೀರು ಹಾಕುವುದು, ಬಟ್ಟೆ ಬದಲಾಯಿಸುವುದು ಹೀಗೆ ಒಂದೊಂದಾಗಿ ಜವಾಬ್ದಾರಿ ತಾಯಿಯ ಕೈಗೆ ಬರುತ್ತದೆ. ಮಗು ಅಳುವುದು ಹಸಿವಿಗೋ ನಿದ್ದೆಗೋ ಎಂದು ಗುರುತಿಸಲು ಕಲಿಸುತ್ತಾರೆ. ಮಾತಾಡಿಸಲು, ನಗಿಸಲು ಹುರಿದುಂಬಿಸುತ್ತಾರೆ. ನೋಡುವವರಿಗೆ ಇವೆಲ್ಲ ಸಾಮಾನ್ಯ ಮನೆಗೆಲಸದಂತೆ ಕಂಡರೂ ತಾಯಿ-ಮಗುವಿನ ನಂಟನ್ನು ಮತ್ತೆ ಬೆಸೆಯುವ ಚಿಕಿತ್ಸೆ ಇದೇ. ಮಗುವಿನ ತೂಕ, ಆರೋಗ್ಯದ ತಪಾಸಣೆಯೂ ಜೊತೆಜೊತೆಗೆ ನಡೆಯುತ್ತದೆ. ನಿಮ್ಹಾನ್ಸ್‌ಗೆ ಬಂದ ಶಿಶುಗಳಲ್ಲಿ ಅನೇಕವಕ್ಕೆ ಮಕ್ಕಳ ವೈದ್ಯರ ಚಿಕಿತ್ಸೆಯೂ ಬೇಕಾಗಿತ್ತು.

ಔಷಧ ತೆಗೆದುಕೊಂಡರೆ ಎದೆಹಾಲು ಕೊಡಬಾರದು ಎಂಬ ನಂಬಿಕೆ ಬಲವಾಗಿದೆ. ಇದು ಪೂರ್ತಿ ನಿಜವಲ್ಲ. ಖಿನ್ನತೆಗೆ ಕೊಡುವ ಸರ್ಟ್ರಾಲಿನ್‌ನಂಥ ಔಷಧಗಳು ಹಾಲಿನಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿ ಸೇರುವುದರಿಂದ ಸಾಮಾನ್ಯವಾಗಿ ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ. ಲಿಥಿಯಂನಂಥ ಔಷಧಕ್ಕೆ ಹೆಚ್ಚಿನ ಎಚ್ಚರ ಬೇಕು. ಮುಂದೆ ಗರ್ಭ ಧರಿಸುವ ಸಾಧ್ಯತೆಯಿರುವ ಮಹಿಳೆಯರಿಗೆ ವಾಲ್ಪ್ರೊಯೇಟ್ ಕೊಡುವುದನ್ನು ಆದಷ್ಟು ತಪ್ಪಿಸುತ್ತಾರೆ. ಯಾವುದು ಸೂಕ್ತವೆಂದು ವೈದ್ಯರು ನಿರ್ಧರಿಸಬೇಕು. ಆದರೆ ಹಾಲು ಕೊಡುವವಳೆಂಬ ಕಾರಣಕ್ಕೆ ಮನೆಯವರು ತಾವಾಗಿ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಿ ತಾಯಿ-ಮಗು ಇಬ್ಬರಿಗೂ ಹೆಚ್ಚಿನ ಹಾನಿ.

ಅಜ್ಜಿಗೂ ಅಲ್ಲಿ ಪಾಠವಿದೆ. ಬೆನ್ನುನೋವು, ರಕ್ತದೊತ್ತಡ ಹೊತ್ತುಕೊಂಡು ಹಗಲೂ ರಾತ್ರಿ ದುಡಿಯುವ ಅವರ ದಣಿವನ್ನೂ ಕೇಳುವವರು ಬೇಕು. ಮಗಳದ್ದು ಹಟವಲ್ಲ, ಸೋಂಕಲ್ಲ, ಕಾಯಿಲೆ ಎಂದು ಅವರಿಗೆ ಮನದಟ್ಟಾದರೆ ಮನೆಗೆ ಹೋದ ಮೇಲೆ ಮಾತ್ರೆ ತಪ್ಪುವುದಿಲ್ಲ. ಮನೆಗೆ ಕಳುಹಿಸುವ ಮುನ್ನ ಗಂಡನನ್ನೂ ಕೂರಿಸಿಕೊಂಡು ಮಾತಾಡುವುದು ಇದೇ ಕಾರಣಕ್ಕೆ.

ಕಾನೂನು ತಾಯಿಯ ಪರ

ಮಗು ಇಲ್ಲೇ ಇರಲಿ, ನಿಮ್ಮ ಮಗಳಿಗೆ ಗುಣವಾದ ಮೇಲೆ ನೋಡೋಣ ಎಂದು ಗಂಡನ ಮನೆಯವರು ಹುಡುಗಿಯ ತಂದೆಗೆ ಹೇಳಿ ಕಳುಹಿಸುವ ಪ್ರಸಂಗಗಳು ಸಮಾಜದಲ್ಲಿ ಇಲ್ಲದಿಲ್ಲ. ಎಷ್ಟೋ ಸಂಸಾರಗಳು ಮುರಿದದ್ದು ಈ ಒಂದು ಮಾತಿನಿಂದ. ಮನೆಯೊಳಗಿನ ಈ ಮಾತಿಗೆ ಆಸ್ಪತ್ರೆಯ ಕಾನೂನು ನೇರ ಉತ್ತರವಾಗದಿದ್ದರೂ ಕಾನೂನಿನ ಮನಸ್ಸು ಯಾವ ಕಡೆಗಿದೆ ಎಂಬುದು ಸ್ಪಷ್ಟ.

2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 21ನೇ ಕಲಮಿನ ಪ್ರಕಾರ, ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮಹಿಳೆಯಿಂದ ಮೂರು ವರ್ಷದೊಳಗಿನ ಅವಳ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದು. ಮಗುವಿಗೆ ಅಪಾಯವಿದೆ ಅಥವಾ ಮಗುವಿನ ಹಿತಕ್ಕೆ ಅಗತ್ಯ ಎಂದು ಚಿಕಿತ್ಸೆ ನೀಡುವ ಮನೋವೈದ್ಯರು ಅಭಿಪ್ರಾಯಪಟ್ಟರೆ ಮಾತ್ರ ತಾತ್ಕಾಲಿಕವಾಗಿ ದೂರವಿಡಬಹುದು. ಆಗಲೂ ಸಿಬ್ಬಂದಿ ಅಥವಾ ಮನೆಯವರ ಮೇಲ್ವಿಚಾರಣೆಯಲ್ಲಿ ತಾಯಿಗೆ ಮಗುವನ್ನು ನೋಡುವ ಅವಕಾಶ ಇರಲೇಬೇಕು. ಈ ನಿರ್ಧಾರವನ್ನು ಪ್ರತಿ 15 ದಿನಕ್ಕೊಮ್ಮೆ ಪುನರ್ ಪರಿಶೀಲಿಸಬೇಕು. ಒಂದೇ ಸಲಕ್ಕೆ 30 ದಿನ ಮೀರಿದರೆ ಸಂಬಂಧಪಟ್ಟ ಪ್ರಾಧಿಕಾರದ ಒಪ್ಪಿಗೆ ಬೇಕು.

ಇದೇ ಕಲಮು ಇನ್ನೊಂದು ಉಪಯುಕ್ತ ವಿಷಯವನ್ನೂ ಹೇಳುತ್ತದೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆಯ ಸೌಲಭ್ಯ ಒದಗಿಸಬೇಕು ಎಂಬುದು ವಿಮಾ ಕಂಪೆನಿಗಳಿಗೆ ವಿಧಿಸಿದ ಕರ್ತವ್ಯ. 2018ರ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೂ ಈ ಬಗ್ಗೆ ಸುತ್ತೋಲೆ ಹೊರಡಿಸಿತು. ಹೋಟೆಲು, ಅಂಗಡಿ, ಕಚೇರಿಗಳಲ್ಲಿ ದುಡಿಯುವ ಬಹಳಷ್ಟು ಕುಟುಂಬಗಳು ಮೆಡಿಕ್ಲೇಮ್ ಪಾಲಿಸಿಯ ಕಂತನ್ನು ವರ್ಷ ವರ್ಷವೂ ಕಟ್ಟುತ್ತವೆ. ಮನೋರೋಗಕ್ಕೆ ಹಣ ಸಿಗುವುದಿಲ್ಲ ಎಂದು ಯಾರೋ ಹೇಳಿದ ಮಾತನ್ನು ನಂಬಿ ಕ್ಲೇಮ್ ಅರ್ಜಿಯನ್ನೇ ಹಾಕದಿರುವುದು ಸರಿಯಲ್ಲ. ಪಾಲಿಸಿಯ ಷರತ್ತು, ಮಿತಿಗಳನ್ನು ಓದಿ, ಕಂಪೆನಿಯಿಂದ ಉತ್ತರವನ್ನು ಲಿಖಿತವಾಗಿ ಕೇಳುವುದು ಒಳಿತು.

ಹೊರನಾಡಿನ ಬಾಣಂತಿ

ಮುಂಬಯಿ, ಪುಣೆಗಳಲ್ಲಿರುವ ಕನ್ನಡಿಗರ ಪಾಲಿಗೆ ಈ ಕಾಯಿಲೆಗೆ ಇನ್ನೊಂದು ಮುಖವಿದೆ. ಹೆರಿಗೆಗೆ ಊರಿಗೆ ಹೋದರೆ ಗಂಡ ಇಲ್ಲಿ, ಹೆಂಡತಿ ಅಲ್ಲಿ. ಫೋನಿನಲ್ಲಿ ಕೇಳುವ ದನಿಯಿಂದ ಕಾಯಿಲೆ ಗುರುತಿಸಲಾಗದು; ಊರಿನವರು ಗಾಬರಿಯಾಗಬೇಡಿ ಎಂದು ಸುದ್ದಿಯನ್ನು ಮುಚ್ಚಿಡುತ್ತಾರೆ. ಇಲ್ಲೇ ಹೆರಿಗೆಯಾದರೆ ಒಂದು ಕೋಣೆಯ ಮನೆಯಲ್ಲಿ ನೋಡಿಕೊಳ್ಳಲು ಬಂದ ಅಮ್ಮ ತಿಂಗಳು ಎರಡು ತಿಂಗಳಿಗೆ ಊರಿಗೆ ಮರಳುತ್ತಾರೆ. ಗಂಡ ಬೆಳಿಗ್ಗೆ ಲೋಕಲ್ ಹಿಡಿದರೆ ರಾತ್ರಿಯೇ ಮನೆ. ಇಡೀ ದಿನ ನಾಲ್ಕು ಗೋಡೆಯ ನಡುವೆ ಎಳೆ ಕೂಸಿನೊಂದಿಗೆ ಒಬ್ಬಳೇ ಇರುವವಳಿಗೆ ಕನ್ನಡದಲ್ಲಿ ಮಾತಾಡಲೂ ಜನವಿರುವುದಿಲ್ಲ.

ತುರ್ತು ಸ್ಥಿತಿಯಲ್ಲಿ ಬೆಂಗಳೂರಿನ ರೈಲಿಗೆ ಟಿಕೆಟು ಸಿಗುವವರೆಗೆ ಕಾಯುವುದು ಅಪಾಯಕಾರಿ. ಮುಂಬಯಿಯ ಕೆಇಎಂ, ನಾಯರ್, ಸಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಪುಣೆಯ ಸಸೂನ್ ಆಸ್ಪತ್ರೆಯಲ್ಲೂ ಇದೆ. ಹೆರಿಗೆ ಮಾಡಿಸಿದ ವೈದ್ಯರಿಗೆ ತಿಳಿಸಿದರೆ ಅವರೇ ದಾರಿ ತೋರಿಸಬಲ್ಲರು. ಪ್ರತ್ಯೇಕ ಘಟಕವಿಲ್ಲದ ಆಸ್ಪತ್ರೆಯಲ್ಲೂ ಮಗುವನ್ನು ಜೊತೆಗಿಡಲು ಸಾಧ್ಯವೇ, ಇಲ್ಲವಾದರೆ ದಿನಕ್ಕೆ ಎಷ್ಟು ಹೊತ್ತು ಭೇಟಿ ಮಾಡಿಸಬಹುದು ಎಂದು ಕೇಳುವ ಹಕ್ಕು ಮನೆಯವರಿಗಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಬೇಕಾದ ಭಾಷೆಯನ್ನು ಆರಿಸಿಕೊಳ್ಳುವ ಸೌಲಭ್ಯವೂ ಅಲ್ಲಿದೆ.

ಒಮ್ಮೆ ಬಾಣಂತಿ ಸನ್ನಿ ಬಂದವರಿಗೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಂಭವ ಮೂರರಲ್ಲಿ ಒಬ್ಬರಿಂದ ಹಿಡಿದು ಅರ್ಧದವರೆಗೂ ಇದೆ. ಆದುದರಿಂದ ಎರಡನೇ ಮಗುವಿನ ಯೋಚನೆಗೆ ಮುನ್ನವೇ ಮನೋವೈದ್ಯರನ್ನು ಕಾಣಬೇಕು. ವಿಷಯ ಮುಚ್ಚಿಟ್ಟು, ಹೊಸ ಆಸ್ಪತ್ರೆಯಲ್ಲಿ ಏನೂ ಹೇಳದೆ ಹೆರಿಗೆ ಮಾಡಿಸುವುದರಿಂದ ತಡೆಯಬಹುದಾದ ಕಾಯಿಲೆಯೂ ಮನೆಯೊಳಗೆ ಬಂದಂತಾಗುತ್ತದೆ. ಹಾಗೆಂದು ಎದೆಗುಂದಬೇಕಿಲ್ಲ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಗುಣಮುಖರಾಗಿ ಮಕ್ಕಳನ್ನು ಚೆನ್ನಾಗಿಯೇ ಬೆಳೆಸುತ್ತಾರೆ.

ಸಂಘಗಳು ಏನು ಮಾಡಬಹುದು?

ಹೊರನಾಡಿನ ಕನ್ನಡ ಸಂಘಗಳು ವೈದ್ಯಕೀಯ ನೆರವು ನೀಡುವುದರಲ್ಲಿ ಹಿಂದೆ ಬಿದ್ದಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ, ಕ್ಯಾನ್ಸರಿಗೆ ಅರ್ಜಿ ಬರುತ್ತದೆ, ಸಮಿತಿ ಕುಳಿತು ಹಣ ಮಂಜೂರು ಮಾಡುತ್ತದೆ. ಬಾಣಂತಿಯ ಮನೋರೋಗಕ್ಕೆ ನೆರವು ಕೋರಿ ಅರ್ಜಿ ಬರುವುದು ಅಪರೂಪ. ಕಾಯಿಲೆ ಇಲ್ಲವೆಂದಲ್ಲ, ಹೆಸರು ಹೊರಬರುವುದೆಂಬ ಅಂಜಿಕೆ. ಹೆಸರನ್ನು ಗೋಪ್ಯವಾಗಿಟ್ಟು ನೆರವು ನೀಡುವ ಒಂದು ಸಣ್ಣ ನಿಧಿಯನ್ನು ಮಹಿಳಾ ವಿಭಾಗದ ಸುಪರ್ದಿಗೆ ಕೊಟ್ಟರೆ ಈ ಅಂಜಿಕೆ ಕಡಿಮೆಯಾಗಬಹುದು.

ಹಣಕ್ಕಿಂತಲೂ ಹೆಚ್ಚಾಗಿ ಬೇಕಾದದ್ದು ಕೈ. ಚಿಕಿತ್ಸೆಗೆ ಕೆಲವು ವಾರ ಬೇಕಾಗಬಹುದು. ಅಷ್ಟು ದಿನ ಆಸ್ಪತ್ರೆಯಲ್ಲಿ ಉಳಿಯುವ ಅಜ್ಜಿಗೆ ಊಟ ಒಯ್ಯುವವರು, ದೊಡ್ಡ ಮಗುವನ್ನು ಶಾಲೆಗೆ ಬಿಟ್ಟು ಬರುವವರು, ಗಂಡನಿಗೆ ರಜೆ ಮುಗಿದಾಗ ಒಂದು ದಿನ ಜೊತೆಗಿರುವವರು ಬೇಕು. ಹಳದಿ-ಕುಂಕುಮದ ದಿನ ಅರ್ಧ ಗಂಟೆ ಮನೋವೈದ್ಯರೊಬ್ಬರ ಮಾತು ಕೇಳಿಸಬಹುದು. ಹೆರಿಗೆಯಾದ ಮನೆಗೆ ಮಗುವನ್ನು ನೋಡಲು ಹೋಗುವ ಮಹಿಳಾ ಸದಸ್ಯರು, ಉಡುಗೊರೆ ಕೊಟ್ಟ ಮೇಲೆ ಬಾಣಂತಿಯನ್ನು ಪಕ್ಕಕ್ಕೆ ಕರೆದು, ರಾತ್ರಿ ನಿದ್ದೆ ಬರುತ್ತದೆಯೇನಮ್ಮ, ಮನಸ್ಸಿಗೆ ಹೇಗಿದೆ ಎಂದು ಕೇಳಬಹುದು.

ಮಗು ಯಾರ ಹಾಗಿದೆ, ತೂಕ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಇನ್ನು ಮುಂದೆ ತಾಯಿಯನ್ನೂ ಕೇಳುವುದು ರೂಢಿಯಾಗಲಿ.